ಮೆಟಲ್ ಗಿಟಾರಿಗ ಕಂಟ್ರಿ ಬ್ಯಾಂಡ್ ಸೇರಿದ್ದು: ಕಾಗದ, ಖರ್ಚು, ಕಾಯುವಿಕೆ

ನಾನು ರಾಕ್, ಅದರಲ್ಲೂ ಜೋರು ಸದ್ದಿನ ಮೆಟಲ್ ಬಿಟ್ಟು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಮೂಲದ ಸಂಗೀತ) ನುಡಿಸೋಕೆ ಶುರು ಮಾಡಿದೆ ಅಂದಾಗ ಬೆಂಗಳೂರಿನ ಹಳೇ ಗೆಳೆಯರೆಲ್ಲ "ಯಾಕೋ?" ಅಂತಲೇ ಕೇಳಿದರು. ಅದಕ್ಕೆ ಉತ್ತರ ಸುಲಭ. ಅಮೆರಿಕದಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಕೆಲಸ ಮಾಡುತ್ತಾ, ಮನೆಯ ಮೂಲೆಯಲ್ಲಿ ಗಿಟಾರ್ ನಿಲ್ಲಿಸಿಕೊಂಡಿರೋ ನಮ್ಮವರು ಕೇಳೋದು ಬೇರೆ. ದುಡ್ಡು ಎಷ್ಟಾಯಿತು, ಯಾವ ಫಾರ್ಮ್ ತುಂಬಿದೆ, ಆಫೀಸಿನವರು ಒಪ್ಪಿದರಾ? ಈ ಪ್ರಶ್ನೆಗಳಿಗೆ ನನಗೂ ಯಾರೂ ಮೊದಲೇ ಉತ್ತರ ಹೇಳಿರಲಿಲ್ಲ. ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಮರೆಯೋದರೊಳಗೆ ಬರೆದಿಡುತ್ತಿದ್ದೇನೆ.

ನಾನು ತಿಪಟೂರಿನವನು. ಅಪ್ಪನದು ಲಾರಿ. ಮಂಡಿಯಿಂದ ಕೊಬ್ಬರಿ ಮೂಟೆ ಹೇರಿಕೊಂಡು ಊರೂರು ಸುತ್ತುತ್ತಿದ್ದರು. ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬಂದಾಗ ಹಾಸ್ಟೆಲ್ಲಿನಲ್ಲಿ ಯಾರದೋ ಗಿವ್ಸನ್ ಗಿಟಾರ್ ಕೈಗೆ ಸಿಕ್ಕಿತು. ಅಲ್ಲಿಂದ ಹುಚ್ಚು ಹಿಡಿಯಿತು. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಂದಾಗ ಹೋಗಿದ್ದೆ. 2011ರಲ್ಲಿ ಅದೇ ಮೈದಾನಕ್ಕೆ ಮೆಟಾಲಿಕಾ ಬಂದಾಗ ನಮ್ಮ ಇಡೀ ಬ್ಯಾಂಡ್ ಕಪ್ಪು ಟೀ ಶರ್ಟು ಹಾಕಿಕೊಂಡು ಹೋಗಿತ್ತು. ಕಾಲೇಜು ಫೆಸ್ಟ್‌ಗಳಲ್ಲಿ, ಆಮೇಲೆ ಪಬ್‌ಗಳಲ್ಲಿ ನುಡಿಸಿದೆವು. ಜೋರು ಆಂಪ್ (ಗಿಟಾರಿನ ಸದ್ದು ಹೆಚ್ಚಿಸೋ ಪೆಟ್ಟಿಗೆ), ಸದ್ದನ್ನು ಒರಟು ಮಾಡೋ ಡಿಸ್ಟಾರ್ಷನ್, ಎಷ್ಟು ವೇಗ ಆದರೆ ಅಷ್ಟು ಒಳ್ಳೇದು. ಕಂಟ್ರಿ ಅಂದರೆ ನಮಗೆ ನಗೆಪಾಟಲು. ಟೋಪಿ, ಬೂಟು, ಅಳು, ಅಷ್ಟೇ.

ಮದುವೆ ಆಯಿತು, ಅಮೆರಿಕಕ್ಕೆ ಬಂದೆ, ಬ್ಯಾಂಡ್ ತಾನಾಗೇ ಕರಗಿತು. 2017ರಲ್ಲಿ ಕೆಲಸ ನನ್ನನ್ನು ನ್ಯಾಶ್‌ವಿಲ್‌ಗೆ ತಂದು ಹಾಕಿತು. ಇದು ಆಸ್ಪತ್ರೆ ಕಂಪನಿಗಳ ಊರು, ಅವುಗಳ ಸಾಫ್ಟ್‌ವೇರ್ ಕೆಲಸ ಇಲ್ಲಿ ಬೇಕಾದಷ್ಟಿದೆ. ಸಂಗೀತಕ್ಕಾಗಿ ಬಂದವನಲ್ಲ ನಾನು. ಊರಿಂದ ಬಂದ ನೆಂಟರಿಗೆ ಬೆಲ್ಲೆವ್ಯೂನ ಗಣೇಶ ದೇವಸ್ಥಾನ ತೋರಿಸಿಯಾದ ಮೇಲೆ ಇನ್ನೇನು ತೋರಿಸೋದು ಅಂತ ಲೋವರ್ ಬ್ರಾಡ್‌ವೇಗೆ ಕರೆದುಕೊಂಡು ಹೋದೆ. ಒಂದೇ ಬೀದಿ. ಎರಡೂ ಕಡೆ ಬಾರು. ಬೆಳಿಗ್ಗೆ ಹತ್ತಕ್ಕೇ ಬ್ಯಾಂಡ್ ಶುರು, ರಾತ್ರಿ ಎರಡೂವರೆಗೂ ನಿಲ್ಲೋದಿಲ್ಲ. ವೇದಿಕೆ ಬೀದಿ ಬದಿಯ ಕಿಟಕಿಗೇ ಅಂಟಿಕೊಂಡಿರುತ್ತದೆ. ವಾದಕರ ಬೆನ್ನು ಫುಟ್‌ಪಾತಿನಿಂದಲೇ ಕಾಣುತ್ತದೆ.

ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಅನ್ನೋ ಬಾರಿನಲ್ಲಿ ಹಳೇ ಶೈಲಿಯ ಕಂಟ್ರಿ ನುಡಿಸುತ್ತಾರೆ. ಅಲ್ಲಿ ಒಬ್ಬ ಗಿಟಾರಿಗನನ್ನು ನೋಡಿದೆ. ಸಣ್ಣ ಆಂಪ್, ಒಂದು ಟೆಲಿಕಾಸ್ಟರ್ ಗಿಟಾರ್. ಹಾಡುಗಾರ ಹಾಡುತ್ತಿರುವಾಗ ಆತ ಹೆಚ್ಚುಕಮ್ಮಿ ಏನೂ ನುಡಿಸಲಿಲ್ಲ. ಸಾಲು ಮುಗಿದಾಗ ನಾಲ್ಕು ಸ್ವರ. ಅದರಲ್ಲಿ ಒಂದು ತಂತಿಯನ್ನು ಎಳೆದು ಬಗ್ಗಿಸಿ, ಪಕ್ಕದ ತಂತಿಯನ್ನು ಅಲುಗಾಡದಂತೆ ಹಿಡಿದಿದ್ದ. ಎರಡೂ ಸೇರಿ ಯಾರೋ ಬಿಕ್ಕಿದ ಹಾಗೆ ಕೇಳಿಸಿತು. ಮತ್ತೆ ಸುಮ್ಮನಾದ. ನಾನು ವರ್ಷಗಟ್ಟಲೆ ವೇಗಕ್ಕಾಗಿ ಬೆರಳು ಸವೆಸಿದವನು. ಆ ನಾಲ್ಕು ಸ್ವರ ನನ್ನಿಂದ ಆಗೋದಿಲ್ಲ ಅಂತ ಅಲ್ಲೇ ಗೊತ್ತಾಯಿತು. "ಯಾಕೋ" ಅಂದವರಿಗೆ ಉತ್ತರ ಇಷ್ಟೇ.

ಆಮೇಲೆ ಬಿಡುವಾದಾಗಲೆಲ್ಲ ಹೋಗಿ ನಿಂತೆ. ಹಗಲಿನಲ್ಲಿ ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಒಂದು ಕೋಕ್ ತಗೊಂಡು, ಬ್ಯಾಂಡಿನ ಟಿಪ್ಸಿನ ಬಕೆಟ್ ಬಂದಾಗ ಐದು ಡಾಲರ್ ಹಾಕಿದರೆ ಪಾಠ ಆಯಿತು. ಇದಕ್ಕಿಂತ ಅಗ್ಗದ ಗುರುದಕ್ಷಿಣೆ ಎಲ್ಲೂ ಇಲ್ಲ. ಪಾರ್ಕಿಂಗ್ ಮಾತ್ರ ದುಬಾರಿ. ದೂರದಲ್ಲಿ ನಿಲ್ಲಿಸಿ ನಡೆಯಿರಿ.

ಗಿಟಾರಿನ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಇದ್ದದ್ದು ಮೆಟಲ್‌ಗೆ ಸರಿಹೋಗೋ ಐಬನೆಜ್. 1950ರಲ್ಲಿ ಬ್ರಾಡ್‌ಕಾಸ್ಟರ್ ಅಂತ ಬಂದು ಮಾರನೇ ವರ್ಷ ಟೆಲಿಕಾಸ್ಟರ್ ಆದ ಫೆಂಡರ್ ಗಿಟಾರ್ ಇಲ್ಲಿ ಬ್ಯಾಂಡಿನ ಉಸಿರು. ಹೊಸದು ಬೇಕಿಲ್ಲ. ಮೆಕ್ಸಿಕೋದಲ್ಲಿ ಮಾಡಿದ ಸೆಕೆಂಡ್ ಹ್ಯಾಂಡ್ ಒಂದನ್ನು ಐನೂರು ಡಾಲರ್ ಆಸುಪಾಸಿಗೆ ತಂದೆ. ಸದ್ದಿನ ಏರಿಳಿತ ಸಮ ಮಾಡೋ ಒಂದು ಕಂಪ್ರೆಸರ್ ಪೆಡಲ್, ಪ್ರತಿಧ್ವನಿ ಕೊಡೋ ಒಂದು ಡಿಲೇ. ಡಿಸ್ಟಾರ್ಷನ್ ಪೆಡಲ್ ಡಬ್ಬಕ್ಕೆ ಹೋಯಿತು. ಡಿಸ್ಟಾರ್ಷನ್ ಇದ್ದಾಗ ಅದು ಅರ್ಧ ತಪ್ಪನ್ನು ಮುಚ್ಚುತ್ತದೆ. ಟೆಲಿಕಾಸ್ಟರಿನ ಬ್ರಿಜ್ ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ) ಒಂದನ್ನೂ ಮುಚ್ಚೋದಿಲ್ಲ. ಎಡಗೈ ಬೆರಳು ತಂತಿ ಬಿಡೋವಾಗ ಬರೋ ಸಣ್ಣ ಶಬ್ದವೂ ಕೇಳುತ್ತದೆ.

ಇನ್ನೊಂದು ತೊಂದರೆ ಬಲಗೈಯದು. ಕಂಟ್ರಿಯಲ್ಲಿ ಪಿಕ್ ಹಿಡಿದ ಕೈಯಲ್ಲೇ ನಡುಬೆರಳು, ಉಂಗುರ ಬೆರಳಿನಿಂದಲೂ ತಂತಿ ಕೀಳಬೇಕು. ಉಕ್ಕಿನ ತಂತಿಗೆ ಉಗುರು ಉಳಿಯೋದಿಲ್ಲ. ಪರಿಹಾರ ಏನು ಗೊತ್ತಾ? ನೇಲ್ ಸಲೂನ್. ಇಲ್ಲಿನ ಎಷ್ಟೋ ಗಿಟಾರಿಗರು ಆ ಎರಡು ಬೆರಳಿಗೆ ಅಕ್ರಿಲಿಕ್ ಉಗುರು ಹಾಕಿಸಿಕೊಳ್ಳುತ್ತಾರೆ. ನಾನೂ ಹೋದೆ. ಸಾಲಾಗಿ ಕೂತ ಹೆಂಗಸರ ನಡುವೆ ನಾನೊಬ್ಬ. "ಎರಡೇ ಬೆರಳಿಗೆ, ಬಣ್ಣ ಬೇಡ" ಅಂದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ಗಿಟಾರಾ?" ಅಂತ ಕೇಳಿ ಅರ ಹಿಡಿದು ಕೂತಳು. ಹೆಂಡತಿಗೆ ಮಾತ್ರ ಇವತ್ತಿಗೂ ನಗು. "ನನಗಿಂತ ನಿಮ್ಮ ಉಗುರಿಗೇ ಜಾಸ್ತಿ ಖರ್ಚು ಕಣ್ರೀ" ಅನ್ನುತ್ತಾಳೆ.

ಇನ್ನು ನಂಬರ್ ಸಿಸ್ಟಮ್. ಇಲ್ಲಿ ಯಾರೂ ಕಾರ್ಡ್ (ಒಟ್ಟಿಗೆ ಬಾರಿಸೋ ಸ್ವರಗಳ ಗುಂಪು) ಹೆಸರು ಹೇಳೋದಿಲ್ಲ, ಸಂಖ್ಯೆ ಹೇಳುತ್ತಾರೆ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಅನ್ನೋ ಹಾಡುಗಾರರ ತಂಡದ ನೀಲ್ ಮ್ಯಾಥ್ಯೂಸ್ ತಮ್ಮ ಹಾಡುಗಾರಿಕೆಗೆ ಮಾಡಿಕೊಂಡ ಉಪಾಯ ಅದು. ಚಾರ್ಲಿ ಮೆಕಾಯ್‌ರಂಥ ಸ್ಟುಡಿಯೋ ವಾದಕರು ಅದನ್ನು ಬೆಳೆಸಿದರು. ನಮಗೆ ಇದು ಕಷ್ಟವೇ ಅಲ್ಲ. ಶ್ರುತಿ ಎಲ್ಲಿಗೇ ಇಟ್ಟರೂ ಸ, ಮ, ಪ ಬದಲಾಗೋದಿಲ್ಲ ಅಲ್ವಾ? 1, 4, 5 ಅಂದರೆ ಹಾಗೇ. ಚೀಟಿಯಲ್ಲಿ "1 1 4 1" ಅಂತ ಬರೆದಿದ್ದರೆ ಯಾವ ಶ್ರುತಿಯಲ್ಲಾದರೂ ನುಡಿಸಬಹುದು. 6ರ ಪಕ್ಕ ಒಂದು ಅಡ್ಡಗೆರೆ ಇದ್ದರೆ ಮೈನರ್ ಕಾರ್ಡ್. ಸಂಖ್ಯೆಯ ಸುತ್ತ ವಜ್ರದ ಆಕಾರ ಬರೆದಿದ್ದರೆ ಒಂದು ಸಲ ಬಾರಿಸಿ ಹಾಗೇ ಬಿಡಬೇಕು. ಎರಡು ಸಂಖ್ಯೆಯ ಕೆಳಗೆ ಒಂದೇ ಗೆರೆ ಎಳೆದಿದ್ದರೆ ತಾಳದ ಒಂದು ಆವರ್ತವನ್ನು ಎರಡೂ ಹಂಚಿಕೊಳ್ಳುತ್ತವೆ. ವೇದಿಕೆ ಮೇಲೆ ಶ್ರುತಿಯನ್ನು ಬೆರಳಲ್ಲಿ ತೋರಿಸುತ್ತಾರೆ. ಮೇಲಕ್ಕೆ ಒಂದು ಬೆರಳು ಅಂದರೆ ಒಂದು ಶಾರ್ಪ್ (ಅರ್ಧ ಸ್ವರ ಏರಿಸಿದ ಸ್ವರ) ಇರೋ ಶ್ರುತಿ, ಅಂದರೆ ಜಿ. ಎರಡು ಅಂದರೆ ಡಿ, ಮೂರು ಅಂದರೆ ಎ. ಕೆಳಮುಖವಾಗಿ ಒಂದು ಬೆರಳು ಅಂದರೆ ಎಫ್. ಇದನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗಿ. ಅಲ್ಲಿ ಕೇಳೋಕೆ ಪುರುಸೊತ್ತು ಇರೋದಿಲ್ಲ.

ಇಷ್ಟು ಕಲಿತ ಮೇಲೆ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ವೇದಿಕೆ ಹತ್ತಿ ಹಾಡಬಹುದಾದ ಕಾರ್ಯಕ್ರಮ. ಗ್ರೀನ್ ಹಿಲ್ಸ್‌ನಲ್ಲಿ ಬ್ಲೂಬರ್ಡ್ ಕೆಫೆ ಇದೆ. 1982ರಲ್ಲಿ ಶುರುವಾದದ್ದು. ಹೆಸರು ದೊಡ್ಡದು, ಜಾಗ ಚಿಕ್ಕದು. ಅಂಗಡಿ ಸಾಲಿನ ಮಧ್ಯೆ ತೊಂಬತ್ತರಷ್ಟು ಸೀಟು. ಸೋಮವಾರ ಓಪನ್ ಮೈಕ್, ಸ್ವಂತ ಹಾಡೇ ಆಗಬೇಕು. ಅಲ್ಲಿ ಮಾತಾಡಿದರೆ ಪಕ್ಕದವರೇ "ಶ್" ಅನ್ನುತ್ತಾರೆ. ಸಾವಿರ ಜನ ಕೂಗಾಡೋ ಫೆಸ್ಟಿನಲ್ಲಿ ನುಡಿಸಿದ ನನಗೆ ಅಲ್ಲಿ ಕೈ ನಡುಗಿತು. ಎಲ್ಲರೂ ಸಾಹಿತ್ಯ ಕೇಳುತ್ತಾರೆ. ಪ್ರತಿ ಪದ ಕೇಳುತ್ತಾರೆ. ರಾಕ್‌ನಲ್ಲಿ ನಮ್ಮ ಹಾಡುಗಾರ ಏನು ಹಾಡುತ್ತಿದ್ದ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ!

ಓಪನ್ ಮೈಕ್‌ಗಳಲ್ಲಿ ಪರಿಚಯ ಆಗುತ್ತವೆ. ಬ್ರಾಡ್‌ವೇಯಲ್ಲಿ ಹಾಡೋ ಒಬ್ಬಾಕೆ "ನಮ್ಮ ಗಿಟಾರಿಗ ಟೂರಿಗೆ ಹೋಗುತ್ತಿದ್ದಾನೆ, ಬರ್ತೀಯಾ?" ಅಂತ ಕೇಳಿದರು. ಹಿಗ್ಗಿ ಹೋದೆ. ಮಾರನೇ ದಿನವೇ ಇಮಿಗ್ರೇಷನ್ ವಕೀಲರಿಗೆ ಫೋನ್ ಮಾಡಿದೆ. ಅಲ್ಲಿಗೆ ಹಿಗ್ಗು ಇಳಿಯಿತು.

ಇದನ್ನು ನಿಧಾನವಾಗಿ ಓದಿ. ಎಚ್-1ಬಿಯಲ್ಲಿ ಇರೋರು ಆ ವೀಸಾ ಹಾಕಿದ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಬಕೆಟ್‌ನಲ್ಲಿ ಬೀಳೋ ಟಿಪ್ಸು ಕೂಡ ಸಂಪಾದನೆಯೇ. "ಹಾಗಾದರೆ ನನ್ನ ಪಾಲು ಬೇಡ, ಸುಮ್ನೆ ನುಡಿಸುತ್ತೇನೆ" ಅಂದೆ. ವಕೀಲರು ಅದಕ್ಕೂ ತಲೆಯಾಡಿಸಲಿಲ್ಲ. ಬೇರೆಯವರು ದುಡ್ಡು ತಗೊಂಡು ಮಾಡೋ ಕೆಲಸವನ್ನು ನೀವು ಬಿಟ್ಟಿ ಮಾಡಿದರೂ ಅದು ಕೆಲಸವೇ ಅಂತ ಅಧಿಕಾರಿ ವಾದಿಸಬಹುದು ಅಂದರು. ಯಾರಿಗೂ ಸಂಭಾವನೆ ಇಲ್ಲದ ಓಪನ್ ಮೈಕ್ ಹವ್ಯಾಸ, ಅದು ಪರವಾಗಿಲ್ಲ. ಯೂಟ್ಯೂಬ್ ಜಾಹೀರಾತಿನ ದುಡ್ಡಿಗೂ ಎಚ್ಚರ ಅಂದರು. ಇದು ನನ್ನ ಕಾಗದಪತ್ರ ನೋಡಿ ಅವರು ಹೇಳಿದ್ದು. ನಿಮ್ಮದನ್ನು ನಿಮ್ಮ ವಕೀಲರಿಗೆ ತೋರಿಸಿ. ಅವರ ಫೀಸು ನನ್ನ ಗಿಟಾರಿನ ಅರ್ಧ ಬೆಲೆ. ಆದರೂ ಕೊಟ್ಟದ್ದಕ್ಕೆ ಬೇಜಾರಿಲ್ಲ.

ಹಾಡುಗಾರ್ತಿಗೆ ಆಗೋದಿಲ್ಲ ಅಂತ ಹೇಳಿದೆ. ಆಕೆಗೆ ಅರ್ಥವೇ ಆಗಲಿಲ್ಲ. "ಗಿಟಾರ್ ನುಡಿಸೋಕೆ ಸರ್ಕಾರದ ಅಪ್ಪಣೆ ಬೇಕಾ?" ಅಂದರು. ಬೇಕು ಸ್ವಾಮಿ.

2020ರ ಮಾರ್ಚಿನಲ್ಲಿ ಕೋವಿಡ್ ಬಂತು. ಬ್ರಾಡ್‌ವೇಯ ಬಾರುಗಳು ಮುಚ್ಚಿದವು. ಆ ತಿಂಗಳುಗಳಲ್ಲೇ ನಾನು ನಿಜವಾಗಿ ಕಲಿತದ್ದು. ರಾಕ್‌ನವರ ಐದು ಸ್ವರದ ಮೈನರ್ ಪೆಂಟಾಟೋನಿಕ್ ಬಿಟ್ಟು ಕಾರ್ಡಿನ ಸ್ವರಗಳನ್ನೇ ಹಿಡಿದು ಹೋಗೋದು, ಹಾಡು ಕೇಳುತ್ತಾ ಸಾಲು ಎಲ್ಲಿ ಮುಗಿಯುತ್ತದೆ ಅಂತ ಕಾಯೋದು. ಮೆಟ್ರೊನೋಮ್ ನಿಧಾನಕ್ಕೆ ಇಟ್ಟು ನುಡಿಸಿದರೆ ಕೈ ತಾನಾಗೇ ಮುಂದೆ ಓಡುತ್ತಿತ್ತು. ಹಳೇ ಚಾಳಿ.

ಯಾರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು ಅಂತ ಸರ್ಕಾರ ತಿಂಗಳು ತಿಂಗಳು ಹೇಳೋದು ವೀಸಾ ಬುಲೆಟಿನ್‌ನಲ್ಲಿ. ಅದೇ ವರ್ಷ ಅಕ್ಟೋಬರ್ ಬುಲೆಟಿನ್‌ನಲ್ಲಿ ಭಾರತದ ಇಬಿ-3 (ಕೆಲಸದ ಮೇಲೆ ಗ್ರೀನ್ ಕಾರ್ಡ್ ಕೊಡೋ ಒಂದು ವರ್ಗ) ಫೈಲಿಂಗ್ ದಿನಾಂಕ 2015ರ ಜನವರಿ 1ಕ್ಕೆ ಹಾರಿತು. ಸರದಿಯಲ್ಲಿ ನನ್ನ ದಿನಾಂಕ ಅದಕ್ಕಿಂತ ಹಿಂದಿನದು. ನಮ್ಮಂಥವರೆಲ್ಲ ಒಂದೇ ಸಲ ಐ-485ಕ್ಕೆ, ಅಂದರೆ ಗ್ರೀನ್ ಕಾರ್ಡ್ ಅರ್ಜಿಗೆ ಮುಗಿಬಿದ್ದರು. ಗ್ರೀನ್ ಕಾರ್ಡ್ ಯಾವಾಗಲೋ ಬರಲಿ, ಆ ಅರ್ಜಿಯ ಜೊತೆ ಐ-765 ಹಾಕಿದರೆ ಕೆಲಸದ ಪರವಾನಗಿ ಕಾರ್ಡ್, ಅಂದರೆ ಇಎಡಿ ಸಿಗುತ್ತದೆ. ಆ ಕಾರ್ಡ್ ಇದ್ದರೆ ಯಾವ ಕೆಲಸವನ್ನಾದರೂ ಮಾಡಬಹುದು. ಬಕೆಟ್ ಮುಟ್ಟಬಹುದು.

ಬೇಕಾದ ಕಾಗದಗಳಲ್ಲಿ ಜೀವ ಹಿಂಡಿದ್ದು ಜನನ ಪ್ರಮಾಣಪತ್ರ. ನನ್ನದರಲ್ಲಿ ಹೆಸರೇ ಇರಲಿಲ್ಲ, ಬರೀ "ಗಂಡು" ಅಂತ ಇತ್ತು. ನಮ್ಮ ಕಾಲದಲ್ಲಿ ನಾಮಕರಣಕ್ಕೆ ಮುಂಚೆಯೇ ಬರೆಸುತ್ತಿದ್ದರು, ಆಮೇಲೆ ಹೆಸರು ಸೇರಿಸೋ ಉಸಾಬರಿಗೆ ಯಾರೂ ಹೋಗುತ್ತಿರಲಿಲ್ಲ. ತಮ್ಮ ಕಚೇರಿಗೆ ಅಲೆದು ಹೆಸರು ಸೇರಿಸಿಸಿದ. ಕೋವಿಡ್ ಸಮಯ, ಇವತ್ತು ಬನ್ನಿ ನಾಳೆ ಬನ್ನಿ. ಭದ್ರತೆಗೆ ಇರಲಿ ಅಂತ ಅಪ್ಪ, ಅಮ್ಮ ಇಬ್ಬರಿಂದಲೂ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆವು. ಕನ್ನಡದಲ್ಲಿರೋ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ, ಅನುವಾದಕರ ಸಹಿ ಸಮೇತ ಬೇಕು. ವೈದ್ಯಕೀಯ ತಪಾಸಣೆಯ ಐ-693 ಸರ್ಕಾರ ಗುರುತಿಸಿದ ಡಾಕ್ಟರಿಂದಲೇ ಆಗಬೇಕು. ಅವರು ಕೊಡೋ ಲಕೋಟೆ ಒಡೆಯಬಾರದು. ಊರಿಗೆ ಹೋದಾಗ ಈ ಜನನ ಪ್ರಮಾಣಪತ್ರದ ಕೆಲಸ ಮುಗಿಸಿ ಇಟ್ಟುಕೊಳ್ಳಿ. ದಿನಾಂಕ ಯಾವಾಗ ಹಾರುತ್ತದೋ, ಹಾರಿದ್ದು ಯಾವಾಗ ಹಿಂದೆ ಹೋಗುತ್ತದೋ ಯಾರಿಗೂ ಗೊತ್ತಿರೋದಿಲ್ಲ.

ಅರ್ಜಿ ಹೋಯಿತು. ರಸೀದಿ ಬಂತು. ಬೆರಳಚ್ಚು ಆಯಿತು. ಆಮೇಲೆ ಕಾಯೋದು. 2021ರಲ್ಲಿ ನನ್ನ ಕಾರ್ಡ್ ಅಂಚೆ ಡಬ್ಬದಲ್ಲಿ ಬಂದು ಬಿದ್ದ ದಿನ ಮನೆಯಲ್ಲಿ ಹೋಳಿಗೆ ಮಾಡಿದರು. ಅವತ್ತೇ ಹಾಡುಗಾರ್ತಿಗೆ ಫೋನ್ ಮಾಡೋಣ ಅಂತ ಇದ್ದೆ. ವಕೀಲರು ತಡೆದರು. ನಾನು ಇಎಡಿ ಬಳಸಿ ಬೇರೆ ಕೆಲಸ ಮಾಡಿದ ಕೂಡಲೇ ನನ್ನ ಎಚ್-1ಬಿ ಸ್ಥಿತಿ ಮುಗಿಯುತ್ತದೆ. ನನ್ನದು ಹೋದರೆ ಅದನ್ನೇ ನೆಚ್ಚಿಕೊಂಡ ಹೆಂಡತಿಯ ಅವಲಂಬಿತ ವೀಸಾ, ಎಚ್-4, ಹೋಗುತ್ತದೆ. ಅವಳು ಕೆಲಸ ಮಾಡುತ್ತಿದ್ದದ್ದು ಎಚ್-4 ಇಎಡಿ ಮೇಲೆ. ಅಂದರೆ ನಾನು ಬಕೆಟ್‌ಗೆ ಕೈ ಹಾಕಿದರೆ ಅವಳ ಕೆಲಸ ನಿಲ್ಲುತ್ತದೆ! ಅವಳ ಸ್ವಂತ ಐ-485ರ ಇಎಡಿ ಬರೋ ತನಕ ಕಾಯಬೇಕು. ಇಬ್ಬರ ಅರ್ಜಿಯೂ ಒಂದೇ ಕವರಿನಲ್ಲಿ ಹೋಗಿತ್ತು. ನನ್ನದು ಬಂದು ತಿಂಗಳುಗಳಾದರೂ ಅವಳದರ ಸುಳಿವಿಲ್ಲ. ದಿನಾ ಬೆಳಿಗ್ಗೆ ಕಾಫಿ ಜೊತೆ ಕೇಸ್ ನಂಬರ್ ಹಾಕಿ ನೋಡೋದು ಅವಳಿಗೂ ನನಗೂ ಅಭ್ಯಾಸ ಆಯಿತು. ಒಂದು ದಿನ ಅವಳೇ "ರೀ, ನನ್ನಿಂದ ನಿಮಗೆ ತಡ ಆಗ್ತಿದೆ" ಅಂತ ಬೇಜಾರು ಮಾಡಿಕೊಂಡಳು. ಗಿಟಾರ್ ಎಲ್ಲಿಗೆ ಹೋಗುತ್ತದೆ, ಇಲ್ಲೇ ಇರುತ್ತದೆ ಅಂದೆ. ಹೇಳಿದಷ್ಟು ನಿರಾಳ ಆಗಿರಲಿಲ್ಲ ಒಳಗೆ.

ಅವಳ ಕಾರ್ಡೂ ಬಂತು. ಇನ್ನು ನನ್ನ ಆಫೀಸು. ಕೆಲಸಕ್ಕೆ ಸೇರೋವಾಗ ಸಹಿ ಹಾಕಿದ ಒಪ್ಪಂದ ತೆಗೆದು ಓದಿ. ಎರಡು ಕಲಂ ಇರುತ್ತವೆ. ಹೊರಗಿನ ಕೆಲಸಕ್ಕೆ ಮುಂಚೆ ಅನುಮತಿ ಬೇಕು ಅನ್ನೋದು ಒಂದು. ನೀವು ಸೃಷ್ಟಿ ಮಾಡಿದ್ದೆಲ್ಲ ಕಂಪನಿಯದು ಅನ್ನೋದು ಇನ್ನೊಂದು. ಸಾಫ್ಟ್‌ವೇರ್ ಮನಸ್ಸಲ್ಲಿ ಇಟ್ಟುಕೊಂಡು ಬರೆದದ್ದೇ ಇರಬಹುದು, ಆದರೆ "ಎಲ್ಲ" ಅಂದರೆ ಹಾಡೂ ಬಂತಲ್ಲ. ಎಚ್‌ಆರ್‌ಗೆ ಮೇಲ್ ಹಾಕಿದೆ. ವಾರಗಟ್ಟಲೆ ಸದ್ದಿಲ್ಲ. ಕೊನೆಗೆ ಬಂದ ಉತ್ತರ ಒಂದೇ ಸಾಲು: ಸಂಗೀತಕ್ಕೂ ಕಂಪನಿಗೂ ಸಂಬಂಧವಿಲ್ಲ, ಕೆಲಸದ ವೇಳೆಗೆ ಅಡ್ಡಿ ಬರಬಾರದು. ಆ ಮೇಲನ್ನು ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟಿದ್ದೇನೆ. ಆಫೀಸಿನ ಕೆಲಸವನ್ನೂ ಎಚ್-1ಬಿಯಿಂದ ಇಎಡಿಗೆ ಬದಲಿಸಿಕೊಳ್ಳಬೇಕು, ಅದಕ್ಕೆ ಕೆಲಸ ಮಾಡೋ ಹಕ್ಕು ನೋಡೋ ಐ-9 ಫಾರ್ಮ್ ಹೊಸದಾಗಿ ತುಂಬಿಸಿದರು. ಗ್ರೀನ್ ಕಾರ್ಡ್ ಅರ್ಜಿ ನಿಂತಿರೋದು ಈ ಹಗಲು ಕೆಲಸದ ಮೇಲೆ. ಅದನ್ನು ಬಿಟ್ಟು ಪೂರ್ತಿ ಗಿಟಾರ್ ಹಿಡಿಯೋ ಆಸೆ ಸದ್ಯಕ್ಕೆ ಇಲ್ಲ.

ಕಡೆಗೂ ವೇದಿಕೆ. ಬ್ರಾಡ್‌ವೇ ಶಿಫ್ಟ್ ಅಂದರೆ ನಾಲ್ಕು ಗಂಟೆ. ಬಾರಿನವರು ಕೊಡೋದು ಸ್ವಲ್ಪ, ಉಳಿದದ್ದು ಬಕೆಟ್. ಹಾಡಿನ ಪಟ್ಟಿ ಇರೋದಿಲ್ಲ. ಹಾಡುಗಾರ್ತಿ ತಿರುಗಿ ಬೆರಳು ತೋರಿಸುತ್ತಾರೆ, ಡ್ರಮ್ಮರ್ ಎಣಿಸುತ್ತಾನೆ, ಅಷ್ಟೇ. ಮೊದಲ ದಿನ ಎರಡನೇ ಹಾಡಿನಲ್ಲೇ ಆಕೆ ನನ್ನ ಕಡೆ ಅಂಗೈ ಕೆಳಗೆ ಮಾಡಿ ಒತ್ತಿ ತೋರಿಸಿದರು. ಸದ್ದು ಕಮ್ಮಿ ಮಾಡು ಅಂತ. ಮಾಡಿದೆ. ಮತ್ತೆ ತೋರಿಸಿದರು. ಆಂಪಿನ ವಾಲ್ಯೂಮ್ ನೋಡಿದರೆ ಎರಡರಲ್ಲೇ ಇತ್ತು, ಇನ್ನೆಲ್ಲಿ ಕಮ್ಮಿ ಮಾಡೋದು? ಬಿಡುವಿನಲ್ಲಿ ಪೆಡಲ್ ಸ್ಟೀಲ್ (ಮಲಗಿಸಿಟ್ಟು, ಕಾಲಲ್ಲಿ ಪೆಡಲ್ ಒತ್ತಿ ನುಡಿಸೋ ಗಿಟಾರ್) ನುಡಿಸೋ ಹಿರಿಯರು ಬಿಡಿಸಿ ಹೇಳಿದರು. ಸದ್ದಿನ ಮಾತಲ್ಲ ಅದು, ಸ್ವರ ಕಮ್ಮಿ ಮಾಡು ಅಂತ. ಮೊದಲ ಚರಣದಲ್ಲಿ ಸಾಲಿನ ಕೊನೆ ಸ್ಟೀಲ್‌ಗೆ ಸೇರಿದ್ದು, ಎರಡನೆಯದರಲ್ಲಿ ಗಿಟಾರಿಗೆ. ಇಬ್ಬರೂ ಒಟ್ಟಿಗೆ ತುಂಬಿಸಿದರೆ ಪದ ಕೇಳೋದಿಲ್ಲ. ಇದು ಯಾವ ಆನ್‌ಲೈನ್ ಪಾಠದಲ್ಲೂ ನನಗೆ ಸಿಕ್ಕಿರಲಿಲ್ಲ.

ಬಕೆಟ್ ಬಗ್ಗೆ ಹೇಳಲೇಬೇಕು. ಬ್ಯಾಂಡಿನವರೇ ಒಬ್ಬರು ಹಿಡಿದುಕೊಂಡು ಮೇಜಿಂದ ಮೇಜಿಗೆ ಹೋಗಬೇಕು. ನನ್ನ ಸರದಿ ಬಂದಾಗ ಕಾಲೇ ಏಳಲಿಲ್ಲ. ಇಂಜಿನಿಯರ್ ಆಗಿ ಹೀಗೆ ಕೈ ಚಾಚೋದಾ ಅನ್ನಿಸಿತು. ಒಂದು ಸುತ್ತು ಹೋಗಿ ಬಂದ ಮೇಲೆ ಆ ಸಂಕೋಚ ಹೋಯಿತು. ಜನ ಪ್ರೀತಿಯಿಂದಲೇ ಹಾಕುತ್ತಾರೆ. "ಎಲ್ಲಿಯವನು ನೀನು?" ಅಂತ ಎಲ್ಲರೂ ಕೇಳುತ್ತಾರೆ. ಕೆಲವರಿಗೆ ಅದು ಕುತೂಹಲ. ಕೆಲವರ ಮುಖದಲ್ಲಿ ಬೇರೆ ಇರುತ್ತದೆ, ಗೊತ್ತಾಗುತ್ತದೆ. ಹೂಟಿ ಅಂಡ್ ದಿ ಬ್ಲೋಫಿಶ್ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಡೇರಿಯಸ್ ರಕರ್ 2008ರಲ್ಲಿ ಕಂಟ್ರಿಗೆ ಬಂದಾಗ ಮೊದಲ ಹಾಡೇ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆದರೆ 1983ರಲ್ಲಿ ಚಾರ್ಲಿ ಪ್ರೈಡ್ ಆದ ಮೇಲೆ ಇನ್ನೊಬ್ಬ ಕಪ್ಪು ಗಾಯಕನಿಗೆ ಆ ಜಾಗ ಸಿಗೋಕೆ ಅಲ್ಲಿಯವರೆಗೆ ಕಾಯಬೇಕಾಯಿತು. ಅಷ್ಟು ಹೆಸರಿದ್ದವರೂ ರೇಡಿಯೋ ಸ್ಟೇಷನ್‌ಗಳಿಗೆ ತಾವೇ ಹೋಗಿ ಪರಿಚಯ ಮಾಡಿಕೊಂಡರು. ಇದು ತಿಳಿದಿದ್ದರೆ ಮೇಜಿನ ಒಂದು ಮುಖಕ್ಕೆ ತಲೆಕೆಡಿಸಿಕೊಳ್ಳೋದು ಕಮ್ಮಿಯಾಗುತ್ತದೆ.

ಹಾಡು ಬರೆಯೋ ವಿಷಯ. ಇಲ್ಲಿ ಒಬ್ಬರೇ ಕೂತು ಬರೆಯೋದು ಕಮ್ಮಿ. ಸಮಯ ಗೊತ್ತುಮಾಡಿಕೊಂಡು ಎರಡು ಮೂರು ಜನ ಒಂದು ಕೋಣೆಯಲ್ಲಿ ಕೂರುತ್ತಾರೆ. ಯಾರು ಎಷ್ಟು ಸಾಲು ಕೊಟ್ಟರು ಅಂತ ಲೆಕ್ಕ ಹಾಕೋದಿಲ್ಲ, ಕೋಣೆಯಲ್ಲಿ ಇದ್ದವರಿಗೆಲ್ಲ ಸಮಪಾಲು. ನಾನು ಮೊದಮೊದಲು ಇಲ್ಲಿಯವರ ಥರ ಬರೆಯೋಕೆ ನೋಡಿದೆ. ಹೊಳೆ ದಂಡೆ, ಮಣ್ಣಿನ ರಸ್ತೆ, ಪಿಕಪ್ ಟ್ರಕ್. ಸುಳ್ಳು ಅಂತ ಮೊದಲ ಸಾಲಿಗೇ ಗೊತ್ತಾಗುತ್ತಿತ್ತು. ಒಂದು ದಿನ ಟ್ರಕ್ಕಿನ ಮಾತು ಬಂದಾಗ ಸುಮ್ನೆ ಅಪ್ಪನ ಲಾರಿ ಬಗ್ಗೆ ಹೇಳಿದೆ. ಹಿಂದೆ "ಹಾರ್ನ್ ಓಕೆ ಪ್ಲೀಸ್", ಮುಂದೆ ನಿಂಬೆಹಣ್ಣು ಮೆಣಸಿನಕಾಯಿ. ರಾತ್ರಿ ತಿರುವಿನಲ್ಲಿ ಗೇರ್ ಬದಲಿಸೋ ಸದ್ದಿಗೇ ಅಮ್ಮ ಎದ್ದು ಅನ್ನ ಬಿಸಿಗಿಡುತ್ತಿದ್ದಳು. ಜೊತೆಗಿದ್ದ ಇಬ್ಬರೂ ಬರೆಯೋದು ನಿಲ್ಲಿಸಿ ನನ್ನನ್ನೇ ನೋಡಿದರು. "ಇಷ್ಟು ದಿನ ಇದನ್ನು ಎಲ್ಲಿ ಇಟ್ಟಿದ್ದೆ ಮಾರಾಯ?" ಅನ್ನೋ ಅರ್ಥದ ಮಾತು ಬಂತು. ಬೆಂಗಳೂರಿನಲ್ಲಿ ಬ್ಯಾಂಡಿನವರಿಗೆ ಅಪ್ಪ "ಟ್ರಾನ್ಸ್‌ಪೋರ್ಟ್ ಬಿಸಿನೆಸ್" ಅಂತ ಹೇಳುತ್ತಿದ್ದೆ ನಾನು.

ಮಧ್ಯಾಹ್ನದೊಳಗೆ ಹಾಡು ಆಯಿತು. ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. "ಲಾರಿ ಮೇಲೆ ಹಾಡು ಕಟ್ಟಿದ್ಯಾ? ಪೆಟ್ರೋಲ್ ಬಂಕಿನವ್ನಿಗೆ ಡೀಸೆಲ್ ಬಾಕಿ ಎಷ್ಟಿತ್ತು ಅಂತ ಬರ್ದಿದ್ಯೇನೋ ಅದ್ರಲ್ಲಿ?" ಅಂದರು. ಬರೆದಿರಲಿಲ್ಲ. ಮುಂದಿನ ವಾರ ಎರಡನೇ ಚರಣ ಪೂರ್ತಿ ಬದಲಾಯಿಸಿ ಬಾಕಿ ಲೆಕ್ಕ ಹಾಕಿದೆವು. ಬಾರಿನಲ್ಲಿ ಈಗ ಜನ ಕಿವಿಗೊಡೋದು ಆ ಚರಣಕ್ಕೇ.

ಹಾಡಿನ ಡೆಮೊ (ಬೇರೆಯವರಿಗೆ ಕೇಳಿಸೋಕೆ ಮಾದರಿ ರೆಕಾರ್ಡಿಂಗ್) ಮಾಡಿಸೋಕೆ ಸ್ಟುಡಿಯೋ, ವಾದಕರು, ಮಿಕ್ಸಿಂಗ್ ಎಲ್ಲ ಸೇರಿ ಒಂದು ಹಾಡಿಗೆ ಸಾವಿರ ಡಾಲರ್ ಹತ್ತಿರ ಹೋಯಿತು. ಮೂವರೂ ಹಂಚಿಕೊಂಡೆವು. ಸ್ಟುಡಿಯೋ ವಾದಕರು ಹಾಡನ್ನು ಒಂದು ಸಲ ಕೇಳಿ, ಕೇಳುತ್ತಲೇ ನಂಬರ್ ಚೀಟಿ ಬರೆದು, ಎರಡನೇ ಸಲಕ್ಕೆ ರೆಕಾರ್ಡ್ ಮಾಡಿ ಎದ್ದು ಹೋದರು. ನಾನು ಗಿಟಾರ್ ಮುಟ್ಟಲಿಲ್ಲ. ಅವರ ಮುಂದೆ ಮುಟ್ಟೋ ಧೈರ್ಯವೂ ಇರಲಿಲ್ಲ. ಒಂದು ಎಚ್ಚರಿಕೆ: ಹಾಡು ಹೊರಬಂದ ಕೂಡಲೇ "ದೊಡ್ಡ ಗಾಯಕರಿಗೆ ತಲುಪಿಸುತ್ತೇವೆ, ಮುಂಗಡ ಇಷ್ಟು ಕೊಡಿ" ಅನ್ನೋ ಮೇಲ್‌ಗಳು ಬರುತ್ತವೆ. ನನಗೂ ಬಂತು, ಕಾಂಟ್ರಾಕ್ಟ್ ಸಮೇತ. ಹಾಡು ಬೇಕಾದ ಪ್ರಕಾಶಕರು ಬರೆದವರಿಂದ ದುಡ್ಡು ಕೇಳೋದಿಲ್ಲ. ಸಂಶಯ ಬಂದರೆ ಹಾಡು ಬರೆಯೋರ ಸಂಘ ಎನ್‌ಎಸ್‌ಎಐ ಇಲ್ಲೇ ಇದೆ, 1967ರಿಂದ ಇದೆ. ಸದಸ್ಯರಾಗಿ ಅಲ್ಲಿ ಕೇಳಿ.

ಕಾಪಿರೈಟ್ ಆಫೀಸಿನಲ್ಲಿ ಎರಡು ಥರದ ಆನ್‌ಲೈನ್ ಅರ್ಜಿ ಇವೆ. 45 ಡಾಲರಿನದು ಒಬ್ಬರೇ ಬರೆದು ಒಬ್ಬರದೇ ಹಕ್ಕಿರೋ ಒಂದು ಕೃತಿಗೆ. ಮೂವರು ಬರೆದ ಹಾಡಿಗೆ ಅದು ನಡೆಯೋದಿಲ್ಲ, 65ರದ್ದೇ ಹಾಕಬೇಕು. ಕಟ್ಟಿದ ಫೀಸು ವಾಪಸ್ ಬರೋದಿಲ್ಲ, ಹಾಗಾಗಿ ಒತ್ತೋ ಮುಂಚೆ ನೋಡಿ. ಇನ್ನೂ ಪ್ರಕಟವಾಗದ ಹಾಡುಗಳು ಜಾಸ್ತಿ ಇದ್ದರೆ, ಬರೆದವರು ಅವರೇ ಆಗಿದ್ದರೆ, ಹತ್ತರವರೆಗೆ ಒಟ್ಟಿಗೆ 85 ಡಾಲರಿಗೆ ನೋಂದಾಯಿಸಬಹುದು. ರೇಡಿಯೋ, ಬಾರುಗಳಲ್ಲಿ ಹಾಡು ಕೇಳಿಸಿದ್ದಕ್ಕೆ ಬರೋ ರಾಯಲ್ಟಿಗೆ ಅದನ್ನು ವಸೂಲಿ ಮಾಡೋ ಆಸ್ಕ್ಯಾಪ್ ಅಥವಾ ಬಿಎಂಐ, ಯಾವುದಾದರೂ ಒಂದು ಸಂಸ್ಥೆಗೆ ಸೇರಬೇಕು. ಸ್ಟ್ರೀಮಿಂಗ್‌ನಲ್ಲಿ ಹಾಡು ಬರೆದವರಿಗೆ ಬರೋ ಮೆಕ್ಯಾನಿಕಲ್ ರಾಯಲ್ಟಿಗೆ ಎಂಎಲ್‌ಸಿ ಅನ್ನೋ ಸಂಸ್ಥೆ ಬೇರೆ ಇದೆ, ಅದಕ್ಕೆ ಶುಲ್ಕವಿಲ್ಲ. ಮೂವರ ಪಾಲನ್ನೂ ಮೂವರೂ ಒಂದೇ ಥರ ಬರೆಸಬೇಕು. ಇಲ್ಲದಿದ್ದರೆ ದುಡ್ಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಮಗೆ ಇಲ್ಲಿಯವರೆಗೆ ಬಂದದ್ದು ಒಂದು ಕಾಫಿಗೂ ಸಾಲದು, ಅದು ಬೇರೆ ಮಾತು.

ಟ್ಯಾಕ್ಸ್ ಮರೆಯಬೇಡಿ. ಟೆನ್ನೆಸಿಯಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ ಅಂತ ಹಾಯಾಗಿದ್ದೆ. ಕೇಂದ್ರದ್ದು ಇದ್ದೇ ಇದೆ. ಖರ್ಚು ಕಳೆದು 400 ಡಾಲರ್ ಆದರೂ ಉಳಿದರೆ ಸ್ವಂತ ಸಂಪಾದನೆಯ ಲೆಕ್ಕ ತೋರಿಸೋ ಶೆಡ್ಯೂಲ್ ಸಿ ಫಾರ್ಮ್ ಜೊತೆ ಸ್ವಯಂ ಉದ್ಯೋಗದ ತೆರಿಗೆ ಹಾಕಬೇಕು, 15.3 ಪರ್ಸೆಂಟ್. ತಂತಿ, ಪಾರ್ಕಿಂಗ್, ಉಗುರು ಎಲ್ಲದರ ರಸೀದಿ ಇಡಿ. ಉಗುರಿನ ಖರ್ಚು ತೋರಿಸಬಹುದಾ ಅಂತ ಕೇಳಿದಾಗ ನಮ್ಮ ಲೆಕ್ಕಪರಿಶೋಧಕರು ಕನ್ನಡಕ ತೆಗೆದು ನನ್ನ ಕೈ ನೋಡಿದರು. ಆಮೇಲೆ "ರಸೀದಿ ಇಟ್ಟಿರಿ, ನೋಡೋಣ" ಅಂದರು.

ಈಗ ಇಎಡಿ ನವೀಕರಣದ ಸಮಯ. ಅವಧಿ ಮುಗಿಯೋ 180 ದಿನ ಮುಂಚಿನಿಂದ ಅರ್ಜಿ ಹಾಕಬಹುದು, ಆ ಮೊದಲ ವಾರವೇ ಹಾಕಿಬಿಡಿ. ಕಾರ್ಡ್ ಎಷ್ಟು ವರ್ಷಕ್ಕೆ ಕೊಡುತ್ತಾರೆ, ತಡವಾದರೆ ಹಳೆಯದು ತಾನಾಗೇ ಮುಂದುವರಿಯುತ್ತದಾ, ಈ ನಿಯಮಗಳು ಪದೇ ಪದೇ ಬದಲಾಗುತ್ತಿವೆ. ಇಮಿಗ್ರೇಷನ್ ಇಲಾಖೆ ಯುಎಸ್‌ಸಿಐಎಸ್‌ನ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಹೊಸ ಕಾರ್ಡ್ ಬರೋದರೊಳಗೆ ಹಳೆಯದು ಮುಗಿದರೆ ಬ್ಯಾಂಡಷ್ಟೇ ಅಲ್ಲ, ಆಫೀಸಿಗೂ ಹೋಗುವ ಹಾಗಿಲ್ಲ. ಹಾಡುಗಾರ್ತಿಗೆ ವಿಷಯ ಹೇಳಿದ್ದೇನೆ. ಈ ಸಲ ಆಕೆ ಏನೂ ಕೇಳಲಿಲ್ಲ. ಬೇಕಾದರೆ ಬದಲಿಗೆ ಒಬ್ಬ ಹುಡುಗನನ್ನು ನೋಡಿಟ್ಟಿದ್ದಾರಂತೆ. ಅವನೂ ಮೊನ್ನೆ ಮೊನ್ನೆವರೆಗೆ ಮೆಟಲ್ ನುಡಿಸುತ್ತಿದ್ದನಂತೆ, ಸ್ವಲ್ಪ ಜೋರು ಜಾಸ್ತಿ ಅಂತ ಸ್ಟೀಲ್ ನುಡಿಸೋ ಹಿರಿಯರ ದೂರು.